ಗಾಯದ ನಂತರದ ಊರು

ಗಾಯಗೊಂಡ ಆಟಗಾರನನ್ನು ಊರೆಲ್ಲ ವಿಚಾರಿಸಿಕೊಳ್ಳುತ್ತದೆ. ಕೇಳುವವರ ಮನಸ್ಸು ಒಳ್ಳೆಯದೇ. ಆದರೆ ಬೆಳಗಾದರೆ ‘ಈಗ ಹೇಗಿದೆ?’ ಎಂಬ ಮಾತನ್ನೇ ಕೇಳಿ ಕೇಳಿ ಅವನು ತನ್ನ ಕಣ್ಣಿಗೂ ರೋಗಿಯಾಗಿಬಿಡುತ್ತಾನೆ. ಕೆಲವರು ಊರು ಬಿಡಲು ಅಷ್ಟೇ ಸಾಕು.

*

2003ರ ನವೆಂಬರ್ 22, ಸಿಡ್ನಿ. ರಗ್ಬಿ ವಿಶ್ವಕಪ್ ಫೈನಲ್‌. ಹೆಚ್ಚುವರಿ ಅವಧಿಯ ಆಟ ಮುಗಿಯಲು ಅರ್ಧ ನಿಮಿಷವೂ ಇಲ್ಲ. ಇಂಗ್ಲೆಂಡ್ 17, ಆಸ್ಟ್ರೇಲಿಯಾ 17. ಚೆಂಡು ಇಂಗ್ಲೆಂಡಿನ ಹತ್ತನೆಯ ನಂಬರಿನ ಆಟಗಾರ ಜಾನಿ ವಿಲ್ಕಿನ್ಸನ್ ಕೈಗೆ ಬಂತು. ಎಡಗಾಲಲ್ಲಿ ಒದೆಯುವವನು ಅವನು. ಆ ಗಳಿಗೆಯಲ್ಲಿ ಬಲಗಾಲಲ್ಲಿ ಡ್ರಾಪ್ ಗೋಲ್ ಒದ್ದ. ಡ್ರಾಪ್ ಗೋಲ್ ಎಂದರೆ ಚೆಂಡನ್ನು ಕೈಯಿಂದ ಬಿಟ್ಟು, ಅದು ನೆಲ ಮುಟ್ಟಿ ಮೇಲೇಳುವ ಗಳಿಗೆಗೆ ಸರಿಯಾಗಿ ಒದ್ದು, ಎರಡು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಹಾಯಿಸುವುದು. ರಗ್ಬಿ ಚೆಂಡು ದುಂಡಗಿಲ್ಲ, ನೆಲ ಮುಟ್ಟಿದ ಮೇಲೆ ಯಾವ ಕಡೆ ಪುಟಿಯುತ್ತದೆ ಎಂದು ಹೇಳಲಾಗದು. ಅವನ ಒದೆತ ಹಾಯಿತು. 20-17. ಇಂಗ್ಲೆಂಡ್ ಮೊದಲ ಸಲ ವಿಶ್ವಕಪ್ ಗೆದ್ದಿತು. ವಿಲ್ಕಿನ್ಸನ್‌ಗೆ ಆಗ 24 ವರ್ಷ.

ಮತ್ತೆ ಇಂಗ್ಲೆಂಡಿನ ಅಂಗಿ ತೊಡಲು ಅವನು 1,169 ದಿನ ಕಾಯಬೇಕಾಯಿತು.

*

ಆ ದಿನಗಳಲ್ಲಿ ಏನೇನಾಯಿತು ಎಂದು ಬರೆದರೆ ಆಸ್ಪತ್ರೆಯ ಕಡತದಂತೆ ಕಾಣುತ್ತದೆ. ಕುತ್ತಿಗೆಯ ಶಸ್ತ್ರಚಿಕಿತ್ಸೆ. ತೋಳಿನೊಳಗೆ ರಕ್ತ ಹೆಪ್ಪುಗಟ್ಟಿದ್ದು. ಮಂಡಿಯ ಲಿಗಮೆಂಟ್, ಅದು ವಾಸಿಯಾಗಿ ಆಡಿದ ಕೂಡಲೇ ಮತ್ತೆ ಅದೇ ಮಂಡಿ. ಭುಜ. ಅಪೆಂಡಿಕ್ಸ್. ತೊಡೆಸಂದಿಯ ಶಸ್ತ್ರಚಿಕಿತ್ಸೆ. ಮೂತ್ರಪಿಂಡಕ್ಕೆ ಪೆಟ್ಟು. ಆ ಮಂಡಿ ಬಿಟ್ಟರೆ ಒಂದೊಂದೂ ಬೇರೆ ಬೇರೆ ಕಡೆ. ಒಂದೇ ಕಡೆ ಏಟು ಬೀಳುತ್ತಿದ್ದರೆ ಆ ಅಂಗವನ್ನಾದರೂ ದೂರಬಹುದಿತ್ತು. ಇಡೀ ಮೈ ಸರದಿಯ ಮೇಲೆ ಕೈಕೊಟ್ಟಾಗ ದೂರುವುದು ಯಾರನ್ನು?

*

ದುರದೃಷ್ಟ ಎಂದು ಹೇಳಿಬಿಡುವುದು ಸುಲಭ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಹತ್ತನೆಯ ನಂಬರಿನವನು ತಂಡದ ಬುದ್ಧಿ. ಒದೆಯುತ್ತಾನೆ, ಚೆಂಡು ಹಂಚುತ್ತಾನೆ, ಆಟ ಯಾವ ದಿಕ್ಕಿಗೆ ಹೋಗಬೇಕೆಂದು ತೀರ್ಮಾನಿಸುತ್ತಾನೆ. ಡಿಕ್ಕಿ ಹೊಡೆಯುವ ಕೆಲಸವನ್ನು ಪಕ್ಕದ ದೊಡ್ಡಾಳುಗಳಿಗೆ ಬಿಟ್ಟು ಹಿಂದೆ ಸರಿದು ನಿಂತರೆ ಯಾರೂ ತಪ್ಪು ತಿಳಿಯುವುದಿಲ್ಲ. ವಿಲ್ಕಿನ್ಸನ್ ಸರಿಯುತ್ತಿರಲಿಲ್ಲ. ತನಗಿಂತ ಮೂವತ್ತು ಕಿಲೋ ಹೆಚ್ಚು ತೂಗುವವರು ಓಡಿ ಬಂದರೂ ಭುಜ ಕೊಟ್ಟು ಕೆಡವುತ್ತಿದ್ದ. ಆ ಟ್ಯಾಕಲ್‌ಗಳನ್ನು ಜನ ಕೊಂಡಾಡಿದರು. ಲೆಕ್ಕವನ್ನು ಮೈ ಬರೆದಿಟ್ಟುಕೊಂಡಿತ್ತು.

*

ಮೆಚ್ಚುಗೆ ಸಿಕ್ಕ ಗುಣವೇ ಮನುಷ್ಯನನ್ನು ಸವೆಸುತ್ತಿರುವಾಗ, ನಿಲ್ಲಿಸು ಎಂದು ಹೇಳುವವರು ಹತ್ತಿರ ಇರಬೇಕು.

*

ತಂಡ ಮೈದಾನಕ್ಕಿಳಿದಾಗ ಗಾಯಾಳು ಒಳಗೆ ರಬ್ಬರ್ ಪಟ್ಟಿ ಎಳೆಯುತ್ತಿರುತ್ತಾನೆ. ಅವರ ಕೂಗು ಕಿಟಕಿಯಿಂದ ಕೇಳುತ್ತದೆ. ಅವನ ದಿನದ ಗೆಲುವೆಂದರೆ ಮಂಡಿ ನಿನ್ನೆಗಿಂತ ಎರಡು ಡಿಗ್ರಿ ಹೆಚ್ಚು ಮಡಚಿತು ಎಂಬುದು. ಚಪ್ಪಾಳೆ ಹೊಡೆಯಲು ಫಿಸಿಯೋ ಒಬ್ಬ ಇರುತ್ತಾನೆ, ಅಷ್ಟೇ. ತಂಡದ ಆಟದಲ್ಲಿ ಇಷ್ಟು ಒಂಟಿಯಾದ ಜಾಗ ಇನ್ನೊಂದಿಲ್ಲ. ಕೋಟಿ ಜನ ನೋಡಿದ ಒದೆತಕ್ಕಿಂತ ಯಾರೂ ನೋಡದ ಈ ಎರಡು ಡಿಗ್ರಿಗೆ ಹೆಚ್ಚು ಎದೆಗಾರಿಕೆ ಬೇಕು ಎಂಬುದು ನನ್ನ ನಂಬಿಕೆ.

*

ವಿಲ್ಕಿನ್ಸನ್ ಒದೆಯುವ ಮುಂಚೆ ನಿಲ್ಲುತ್ತಿದ್ದ ಭಂಗಿಯನ್ನು ನೋಡಿದವರು ಮರೆಯುವುದಿಲ್ಲ. ಚೆಂಡನ್ನು ಟೀ ಎಂಬ ಪುಟ್ಟ ಆಧಾರದ ಮೇಲೆ ಕೂರಿಸಿ, ಹಿಂದಕ್ಕೆ ಹೆಜ್ಜೆ ಹಾಕಿ, ಪಕ್ಕಕ್ಕೆ ಸರಿದು, ಮಂಡಿ ತುಸು ಬಾಗಿಸಿ, ಎರಡೂ ಅಂಗೈಗಳನ್ನು ಹೊಟ್ಟೆಯ ಮುಂದೆ ಬಟ್ಟಲಿನಂತೆ ಕೂಡಿಸಿ ನಿಲ್ಲುತ್ತಿದ್ದ. ಕಂಬದ ಕಡೆ ಒಂದು ನೋಟ, ಚೆಂಡಿನ ಕಡೆ ಒಂದು ನೋಟ. ಅರವತ್ತು, ಎಪ್ಪತ್ತು ಸಾವಿರ ಜನ ಕೂಗುತ್ತಿರುವಾಗ ಆ ಕೈಗಳ ಒಳಗೆ ಮಾತ್ರ ಸದ್ದಿಲ್ಲ. ಒದೆತದ ಗುರು ಡೇವ್ ಆಲ್ರೆಡ್ ಜೊತೆ ಕೂತು ಅವನು ಇನ್ನೊಂದು ಉಪಾಯ ಕಂಡುಕೊಂಡಿದ್ದ. ಕಂಬಗಳ ಹಿಂದಿನ ಗ್ಯಾಲರಿಯಲ್ಲಿ ಡೋರಿಸ್ ಎಂಬ ಕಲ್ಪನೆಯ ಹೆಂಗಸೊಬ್ಬಳು ತಂಪುಪಾನೀಯದ ಡಬ್ಬಿ ಹಿಡಿದು ಕೂತಿದ್ದಾಳೆ. ಚೆಂಡು ಆ ಡಬ್ಬಿಗೇ ಬಡಿಯಬೇಕು. ಎರಡು ಕಂಬಗಳ ನಡುವಿನ ಅಗಲ ಜಾಗವನ್ನು ಬಿಟ್ಟು ಅಂಗೈಯಗಲದ ಗುರಿಯನ್ನು ಆರಿಸಿಕೊಂಡವನ ಮನಸ್ಸು ಎಂಥದ್ದಿರಬೇಕು!

ಅದೇ ಮನಸ್ಸು ಅವನನ್ನು ಮಲಗಗೊಡಲಿಲ್ಲ. ವಿಶ್ವಕಪ್ ಗೆದ್ದ ಗಳಿಗೆಯಲ್ಲೇ ಆ ಖುಷಿ ಕೈಜಾರಿ ಹೋಗತೊಡಗಿತ್ತು ಎಂದು ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ಆತಂಕದ ಬಗ್ಗೆ, ಖಿನ್ನತೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿದ್ದಾನೆ. ಬುದ್ಧನ ಬೋಧನೆ ಓದಿದ, ಕ್ವಾಂಟಮ್ ವಿಜ್ಞಾನ ಓದಿದ. ಆಟ ಕೊಡದ ಉತ್ತರವನ್ನು ಎಲ್ಲೆಲ್ಲೋ ಹುಡುಕಿದ. ಗಾಯವಾಗಿ ಮಲಗಿದಾಗಲೇ ಮನುಷ್ಯ ಇಂಥ ಪುಸ್ತಕಗಳನ್ನು ತೆರೆಯುವುದು. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

*

ಪರಿಪೂರ್ಣತೆಯ ಹಂಬಲ ಆಟಗಾರನನ್ನು ಬೆಳೆಸುತ್ತದೆ. ಅವನು ಮಲಗಿದ್ದಾಗ ಅದೇ ಹಂಬಲ ಎದೆಯ ಮೇಲೆ ಕೂರುತ್ತದೆ.

*

2007ರ ಫೆಬ್ರವರಿ 3. ಟ್ವಿಕೆನ್‌ಹ್ಯಾಮ್. ಎದುರಾಳಿ ಸ್ಕಾಟ್ಲೆಂಡ್. ಪಣಕ್ಕಿದ್ದದ್ದು ಕಲ್ಕತ್ತಾ ಕಪ್. ಕೊಲ್ಕತ್ತದ ರಗ್ಬಿ ಕ್ಲಬ್‌ನ ಬ್ರಿಟಿಷ್ ಸದಸ್ಯರು ಪೋಲೋ, ಟೆನಿಸ್ ಕಡೆ ಹೊರಳಿ ಕ್ಲಬ್ ಮುಚ್ಚಬೇಕಾಗಿ ಬಂದಾಗ, ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಾಗಿ ಬಿಡಿಸಿಕೊಂಡು, ಕರಗಿಸಿ, ಈ ಬಟ್ಟಲು ಮಾಡಿಸಿದರು. ಹಿಡಿಕೆಗಳು ಮೂರು ನಾಗರಹಾವುಗಳು, ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್ ಇದಕ್ಕಾಗಿ ಸೆಣಸುತ್ತಿವೆ. ನಮ್ಮ ದೇಶದ ಜನರ ಬೆವರಿನಿಂದ ಬಂದ ಬೆಳ್ಳಿ ಅದು. ಆ ಪಂದ್ಯದ ಹೆಸರು ಕೇಳಿದಾಗಲೆಲ್ಲ ಈ ಮಾತು ನೆನಪಾಗದೆ ಇರುವುದಿಲ್ಲ.

ಮೂರು ವರ್ಷದ ಮೇಲೆ ಮರಳಿದ ವಿಲ್ಕಿನ್ಸನ್ ಅವತ್ತು 27 ಅಂಕ ಗಳಿಸಿದ. ಒಂದು ಟ್ರೈ (ಚೆಂಡನ್ನು ಗೆರೆಯಾಚೆ ನೆಲಕ್ಕೊತ್ತುವುದು), ಎರಡು ಕನ್ವರ್ಶನ್ (ಟ್ರೈ ಆದ ಮೇಲಿನ ಒದೆತ), ಐದು ಪೆನಾಲ್ಟಿ, ಒಂದು ಡ್ರಾಪ್ ಗೋಲ್. ರಗ್ಬಿಯಲ್ಲಿ ಅಂಕ ಗಳಿಸಲು ಎಷ್ಟು ಬಗೆಗಳಿವೆಯೋ ಅಷ್ಟನ್ನೂ ಒಂದೇ ಮಧ್ಯಾಹ್ನ ಮಾಡಿ ತೋರಿಸಿದ. ಇಂಗ್ಲೆಂಡ್ 42-20ರಿಂದ ಗೆದ್ದಿತು. ಪತ್ರಿಕೆಗಳು ಕಥೆ ಸುಖಾಂತವಾಯಿತು ಎಂದು ಬರೆದವು.

*

ಸುಖಾಂತವನ್ನು ಬರೆಯುವವರಿಗೆ ಯಾವಾಗಲೂ ಅವಸರ. ಆಟಗಾರನ ಮೈಗೆ ಆ ಅವಸರವಿಲ್ಲ. ಅದೇ ವರ್ಷ ಪ್ಯಾರಿಸ್ ಪಕ್ಕದಲ್ಲಿ ನಡೆದ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ ದಕ್ಷಿಣ ಆಫ್ರಿಕಾಕ್ಕೆ 15-6ರಿಂದ ಸೋತಿತು. ಮರುವರ್ಷ, 2008ರ ಸೆಪ್ಟೆಂಬರ್‌ನಲ್ಲಿ, ಗ್ಲಾಸ್ಟರ್ ಕ್ಲಬ್ ವಿರುದ್ಧದ ಪಂದ್ಯದಲ್ಲಿ ವಿಲ್ಕಿನ್ಸನ್‌ನ ಮಂಡಿಚಿಪ್ಪು ಜಾಗ ತಪ್ಪಿತು. ಮತ್ತೆ ತಿಂಗಳುಗಟ್ಟಲೆ ಕೋಣೆಯೊಳಗೆ.

*

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವೆ. ಗಾಯಾಳುವಿನ ವಿಷಯದಲ್ಲಿ ಆಗುವುದು ಇನ್ನೂ ಕಷ್ಟದ ಸಂಗತಿ. ಹಿತ್ತಲಿನವರಿಗೆ ಆ ಗಿಡದ ಮೇಲೆ ಪ್ರೀತಿಯಿದೆ, ಆದರೆ ಅದು ಹೂಬಿಟ್ಟ ಕಾಲದ ನೆನಪಿನ ಪ್ರೀತಿ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಲ್ಕಿನ್ಸನ್‌ಗೆ ಮನೆಯಂಥ ಕ್ಲಬ್. 1997ರಿಂದ 12 ವರ್ಷ ಅಲ್ಲೇ ಇದ್ದ. ಅಲ್ಲಿನ ಜನ ಅವನನ್ನು ಎಂದೂ ಬಿಟ್ಟುಕೊಡಲಿಲ್ಲ. ಬಿಟ್ಟುಕೊಡದವರ ಎದುರು ಸೋಲುವುದು ವೈರಿಯ ಎದುರು ಸೋಲುವುದಕ್ಕಿಂತ ಭಾರ.

2009ರಲ್ಲಿ ಅವನು ಫ್ರಾನ್ಸಿನ ಟೂಲಾನ್‌ಗೆ ಹೊರಟ. ಆಗ 30 ವರ್ಷ.

*

ಟೂಲಾನ್ ಮೆಡಿಟರೇನಿಯನ್ ಸಮುದ್ರದ ದಡದ ಊರು, ಫ್ರೆಂಚ್ ನೌಕಾಪಡೆಯ ನೆಲೆ. ಯುದ್ಧನೌಕೆಗಳು ನಿಲ್ಲುವ ಬಂದರಿನಿಂದ ಸ್ತಾದ್ ಮಯೋಲ್ ಕ್ರೀಡಾಂಗಣಕ್ಕೆ ನಡೆದೇ ಹೋಗಬಹುದು. ಹಿಂದುಗಡೆ ಫಾರೋನ್ ಬೆಟ್ಟ. ಫೆಲಿಕ್ಸ್ ಮಯೋಲ್ ಎಂಬ ಹಾಡುಗಾರನ ಹೆಸರು ಆ ಮೈದಾನಕ್ಕೆ. ಅವನು ಕೋಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಗಂಟೆಯಾಕಾರದ ಪುಟ್ಟ ಬಿಳಿ ಹೂಗಳ ಗೊಂಚಲೇ ಕ್ಲಬ್ಬಿನ ಚಿಹ್ನೆ. ಹಡಗುಕಟ್ಟೆಯ ಒರಟು ಊರಿನ ತಂಡ. ಕೆಂಪು ಕಪ್ಪು ಅಂಗಿ. ಎದೆಯ ಮೇಲೆ ಹೂವು.

ಪಂದ್ಯದ ದಿನ ಆಟಗಾರರ ಬಸ್ಸು ಮೈದಾನದ ಬಾಗಿಲಿಗೆ ಬರುವುದಿಲ್ಲ. ಸ್ವಲ್ಪ ದೂರದಲ್ಲೇ ಇಳಿದು, ಸಾವಿರಾರು ಜನರ ನಡುವೆ, ಹೆಗಲಿಗೆ ಹೆಗಲು ತಾಗಿಸಿಕೊಂಡು ನಡೆದು ಒಳಗೆ ಹೋಗಬೇಕು. ಒಳಗೆ ಒಬ್ಬ ನಿಂತು ‘ಪಿಲೂ ಪಿಲೂ’ ಎಂಬ ಯುದ್ಧಘೋಷ ಹೇಳಿಕೊಡುತ್ತಾನೆ, ಇಡೀ ಗ್ಯಾಲರಿ ತಿರುಗಿ ಕೂಗುತ್ತದೆ. ಇಂಗ್ಲೆಂಡಿನಲ್ಲಿ ಜನ ವಿಲ್ಕಿನ್ಸನ್‌ನನ್ನು ಗಾಜಿನ ಪಾತ್ರೆಯಂತೆ ನೋಡುತ್ತಿದ್ದರು. ಇಲ್ಲಿ ಬೆನ್ನು ತಟ್ಟಿದರು.

*

ಅವನನ್ನು ಕರೆತಂದವನು ಮುರಾದ್ ಬುಜೆಲಾಲ್, ಅದೇ ಊರಿನ ಅಲ್ಜೀರಿಯಾ ಮೂಲದ ಕುಟುಂಬದವನು. ಕಾಮಿಕ್ಸ್ ಪುಸ್ತಕಗಳ ಪ್ರಕಾಶಕನಾಗಿ ಹಣ ಮಾಡಿ ಕ್ಲಬ್ ಕೊಂಡ. 2008ರಲ್ಲಷ್ಟೇ ತಂಡ ಮೇಲಿನ ದರ್ಜೆಗೆ ಬಂದಿತ್ತು. ಎರಡು ಹೆಜ್ಜೆ ಹಿಂದೆ ಬಿದ್ದವರ ಮೇಲೆ, ಇನ್ನೇನು ಮುಗಿಯಿತು ಎನಿಸಿಕೊಂಡವರ ಮೇಲೆ, ತಮ್ಮ ದೇಶ ಬೇಡವೆಂದವರ ಮೇಲೆ ಅವನು ಹಣ ಹೂಡಿದ. ಕೂಲಿ ಸಿಪಾಯಿಗಳ ತಂಡ ಎಂದು ಉಳಿದ ಕ್ಲಬ್‌ಗಳು ಮೂಗು ಮುರಿದವು.

*

ಹಣಕ್ಕಾಗಿ ಹೋದರು ಎಂಬ ಆಕ್ಷೇಪ ನನಗೆ ಹಿಡಿಸುವುದಿಲ್ಲ. ಬ್ಯಾಂಕಿನವನು, ಎಂಜಿನಿಯರ್ ಹೆಚ್ಚಿನ ಸಂಬಳಕ್ಕೆ ಹೊರದೇಶಕ್ಕೆ ಹೋದರೆ ಊರಿನವರು ಸಿಹಿ ಹಂಚುತ್ತಾರೆ. ರಗ್ಬಿ ಆಡುವವನಿಗೆ ಸಂಪಾದನೆಯ ಕಾಲ ಹತ್ತೋ ಹನ್ನೆರಡೋ ವರ್ಷ, ಅದರಲ್ಲಿ ಮೂರು ವರ್ಷ ಗಾಯ ತಿಂದರೆ ಉಳಿಯುವುದೆಷ್ಟು? ತನ್ನ ಮೂಳೆಯನ್ನೇ ಬಂಡವಾಳ ಮಾಡಿಕೊಂಡವನು ಬೆಲೆ ಕೇಳಿದರೆ ಅದು ದುರಾಸೆಯಲ್ಲ.

*

ಹೊಸ ದೇಶ ಗಾಯ ವಾಸಿಮಾಡುವುದಿಲ್ಲ. ಅಲ್ಲಿನ ಬಿಸಿಲಿಗೆ ಲಿಗಮೆಂಟ್ ಗಟ್ಟಿಯಾಗುವುದಿಲ್ಲ. ಅದು ಕೊಡುವುದು ಬೇರೆ: ನಿನ್ನ ಹಿಂದಿನ ಕಥೆ ನಮಗೆ ಅಷ್ಟಾಗಿ ಗೊತ್ತಿಲ್ಲ, ಈ ಶನಿವಾರ ಆಡು ನೋಡೋಣ, ಎನ್ನುವ ಸಲುಗೆ. 2003ರ ಒದೆತ ಇಂಗ್ಲೆಂಡಿನ ಪಾಲಿಗೆ ದೇಶದ ಆಸ್ತಿ. ಟೂಲಾನ್‌ನವರಿಗೆ ಬೇಕಿದ್ದದ್ದು ಮುಂದಿನ ಪಂದ್ಯದ ಮೂರು ಅಂಕ. ದೇವರಾಗಿ ಸುಸ್ತಾದವನಿಗೆ ಕೆಲಸಗಾರನಾಗುವ ಅವಕಾಶ ಸಿಕ್ಕಿತು.

*

ಪರಭಾಷೆಯ ಊರಿನಲ್ಲಿ ದೊಡ್ಡವನೂ ಕೆಲವು ಕಾಲ ಚಿಕ್ಕವನಾಗುತ್ತಾನೆ. ಮಾತು ತಡವರಿಸುತ್ತದೆ, ಬೇರೆಯವರ ನಗು ಅರ್ಥವಾಗುವುದು ತಡವಾಗುತ್ತದೆ. ವಿಲ್ಕಿನ್ಸನ್ ಫ್ರೆಂಚ್ ಕಲಿತ. ಪತ್ರಕರ್ತರ ಎದುರು ಅದೇ ಭಾಷೆಯಲ್ಲಿ ಮಾತಾಡಿದ. ಬಂದ ಊರಿಗೆ ಗೌರವ ಕೊಡಲು ಇದಕ್ಕಿಂತ ನೇರ ದಾರಿ ಕಾಣೆ. ಹತ್ತಾರು ವರ್ಷ ಬೆಂಗಳೂರಿನಲ್ಲಿದ್ದೂ ಕನ್ನಡದ ನಾಲ್ಕು ಮಾತು ಕಲಿಯದವರನ್ನು ನೋಡಿರುವ ನಮಗೆ ಇದರ ಬೆಲೆ ಬೇಗ ತಿಳಿಯುತ್ತದೆ.

*

ಮಡಿಯಿಂದ ಕಿತ್ತು ನೆಟ್ಟ ಪೈರು ಹೊಸ ಗದ್ದೆಯಲ್ಲಿ ಕೆಲವು ದಿನ ಹಳದಿಯಾಗಿ, ಸತ್ತೇಹೋಯಿತೇನೋ ಎನ್ನುವಂತೆ ನಿಲ್ಲುತ್ತದೆ. ಟೂಲಾನ್‌ಗೂ ಕೈಗೆ ಬಂದದ್ದು ಬಾಯಿಗೆ ಬಾರದ ವರ್ಷಗಳಿದ್ದವು. 2010ರಲ್ಲಿ ಯುರೋಪಿನ ಎರಡನೆಯ ಸ್ತರದ ಚಾಲೆಂಜ್ ಕಪ್ ಫೈನಲ್‌ನಲ್ಲಿ ಸೋಲು. 2012ರಲ್ಲಿ ಅದೇ ಟೂರ್ನಿಯ ಫೈನಲ್‌ನಲ್ಲಿ ಮತ್ತೆ ಸೋಲು, ಕೆಲವೇ ವಾರಗಳಲ್ಲಿ ಫ್ರೆಂಚ್ ಲೀಗ್ ಫೈನಲ್‌ನಲ್ಲೂ ಸೋಲು. ನಡುವೆ, 2011ರ ಡಿಸೆಂಬರ್‌ನಲ್ಲಿ, ವಿಲ್ಕಿನ್ಸನ್ ಇಂಗ್ಲೆಂಡ್ ತಂಡಕ್ಕೆ ವಿದಾಯ ಹೇಳಿದ. 91 ಪಂದ್ಯ, 1,179 ಅಂಕ. ಇನ್ನು ಅವನಿಗಿದ್ದದ್ದು ಕ್ಲಬ್ ಒಂದೇ. ಆಗಲೇ ಅವನ ಆಟ ಹಗುರಾಯಿತು.

*

2013ರ ಏಪ್ರಿಲ್, ಯುರೋಪಿನ ಹೈನೆಕೆನ್ ಕಪ್ ಸೆಮಿಫೈನಲ್. ಜಾಗ ಮತ್ತದೇ ಟ್ವಿಕೆನ್‌ಹ್ಯಾಮ್, ಎದುರಾಳಿ ಲಂಡನ್ನಿನ ಸಾರಸೆನ್ಸ್. ಟೂಲಾನ್ 24, ಸಾರಸೆನ್ಸ್ 12. ಇಪ್ಪತ್ತನಾಲ್ಕೂ ಅಂಕ ವಿಲ್ಕಿನ್ಸನ್‌ನವೇ: ಏಳು ಪೆನಾಲ್ಟಿ, ಒಂದು ಡ್ರಾಪ್ ಗೋಲ್. ತನ್ನ ದೇಶದ ಮೈದಾನದಲ್ಲಿ, ಪರದೇಶದ ಅಂಗಿ ತೊಟ್ಟು, ತನ್ನ ದೇಶದ ಕ್ಲಬ್ಬನ್ನು ಸೋಲಿಸಿದ. ಎದ್ದು ನಿಂತು ಚಪ್ಪಾಳೆ ತಟ್ಟಿದವರಲ್ಲಿ ಇಂಗ್ಲೆಂಡಿನವರೂ ಇದ್ದರು.

*

ಊರು ಬಿಟ್ಟವನ ಮೇಲೆ ಊರಿಗೆ ಸಿಟ್ಟಿಲ್ಲ ಎಂದು ತಿಳಿಯುವುದು ಅವನು ತಿರುಗಿ ಬಂದು ಗೆದ್ದ ದಿನ. ಸೋತು ಬಂದ ದಿನ ಕನಿಕರವನ್ನೂ ಪ್ರೀತಿಯೆಂದು ತಿಳಿಯುವ ಅಪಾಯವಿದೆ.

*

ಮುಂದಿನ ತಿಂಗಳು, ಹೈನೆಕೆನ್ ಕಪ್ ಫೈನಲ್‌ನಲ್ಲಿ, ಡಬ್ಲಿನ್‌ನಲ್ಲಿ ಕ್ಲೆರ್ಮಾನ್ ವಿರುದ್ಧ 16-15. ಒಂದೇ ಅಂಕದ ಅಂತರ. ಮೂರು ಪೆನಾಲ್ಟಿಗಳ ಮೇಲೆ, ಸಂಗಡಿಗ ಡೆಲನ್ ಆರ್ಮಿಟೇಜ್ ಟ್ರೈ ಗಳಿಸಿದಾಗ ವಿಲ್ಕಿನ್ಸನ್ ಒದ್ದ ಕನ್ವರ್ಶನ್ ತಂಡವನ್ನು ಗೆಲ್ಲಿಸಿತು. ಟೂಲಾನ್ ಮೊದಲ ಬಾರಿಗೆ ಯುರೋಪಿನ ಚಾಂಪಿಯನ್.

*

ಈ ತಂಡದ ಕಥೆಯಲ್ಲಿ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಇನ್ನೊಬ್ಬನ ಬಳಿ. ದಕ್ಷಿಣ ಆಫ್ರಿಕಾದ ಯುವಾನ್ ಸ್ಮಿತ್. ಬ್ಲೂಮ್‌ಫಾಂಟೇನ್ ಕಡೆಯ ಚೀಟಾಸ್ ತಂಡದವನು. 2007ರ ವಿಶ್ವಕಪ್ ಫೈನಲ್‌ನಲ್ಲಿ ವಿಲ್ಕಿನ್ಸನ್ ಇದ್ದ ಇಂಗ್ಲೆಂಡನ್ನು ಸೋಲಿಸಿದವರಲ್ಲಿ ಒಬ್ಬ. ಆಮೇಲೆ ಹಿಮ್ಮಡಿಯ ಮೇಲಿನ ಅಕಿಲೀಸ್ ಸ್ನಾಯುರಜ್ಜು ಹರಿಯಿತು. ಓಡುವವನ ಇಡೀ ಭಾರ ಆ ಒಂದು ಹುರಿಯ ಮೇಲಿರುತ್ತದೆ. ಒಂದಾದ ಮೇಲೊಂದು ಶಸ್ತ್ರಚಿಕಿತ್ಸೆಯಾಯಿತು. 2011ರ ವಿಶ್ವಕಪ್ ಕೈತಪ್ಪಿತು. 2013ರ ಫೆಬ್ರವರಿಯಲ್ಲಿ ಇನ್ನು ಆಗುವುದಿಲ್ಲ ಎಂದು ನಿವೃತ್ತಿ ಘೋಷಿಸಿದ. ಜನ ಬೀಳ್ಕೊಟ್ಟರು, ಹೊಗಳಿದರು, ಮುಂದಿನ ಆಟಗಾರನ ಕಡೆ ತಿರುಗಿದರು.

ಅದೇ ವರ್ಷ ಟೂಲಾನ್ ಅವನಿಗೆ ಕರೆ ಕಳಿಸಿತು.

*

ಬೀಳ್ಕೊಡುಗೆಯ ಭಾಷಣಗಳನ್ನು ಕೇಳಿ ಮುಗಿದ ಮೇಲೆ ಮತ್ತೆ ಬೂಟು ಕಟ್ಟಲು ಬೇಕಾದ ಧೈರ್ಯ ಮೊದಲ ಪಂದ್ಯಕ್ಕೆ ಬೇಕಿರಲಿಲ್ಲ. ಆಗ ಸೋತರೆ ಹುಡುಗ, ಕಲಿಯುತ್ತಾನೆ ಎನ್ನುತ್ತಿದ್ದರು. ಈಗ ಸೋತರೆ, ಸುಮ್ಮನಿರಬಾರದಿತ್ತೆ, ಎನ್ನುತ್ತಾರೆ.

*

2014ರ ಮೇ 24, ಕಾರ್ಡಿಫ್. ಮತ್ತೆ ಹೈನೆಕೆನ್ ಕಪ್ ಫೈನಲ್, ಮತ್ತೆ ಸಾರಸೆನ್ಸ್. ಟೂಲಾನ್ 23-6ರಿಂದ ಗೆದ್ದಿತು. ಎರಡು ಟ್ರೈಗಳಲ್ಲಿ ಒಂದು ಆಸ್ಟ್ರೇಲಿಯಾದ ಮ್ಯಾಟ್ ಗಿಟೋನದು, ಇನ್ನೊಂದು ಯುವಾನ್ ಸ್ಮಿತ್‌ನದು. ಹರಿದ ಹಿಮ್ಮಡಿಯವನು ಯುರೋಪಿನ ಅತಿ ದೊಡ್ಡ ಪಂದ್ಯದಲ್ಲಿ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿದ. 2007ರಲ್ಲಿ ವಿಲ್ಕಿನ್ಸನ್‌ನನ್ನು ಸೋಲಿಸಿದ್ದ ಬ್ರಯಾನ್ ಹಬಾನಾ, ಬಾಕೀಸ್ ಬೋಟಾ ಕೂಡ ಅವತ್ತು ವಿಲ್ಕಿನ್ಸನ್ ಜೊತೆಗೇ ಕಪ್ ಎತ್ತಿದರು. ಮರುದಿನ ವಿಲ್ಕಿನ್ಸನ್‌ಗೆ 35 ತುಂಬಿತು.

ವಾರದ ಮೇಲೆ ಪ್ಯಾರಿಸ್ ಪಕ್ಕದ ಸ್ತಾದ್ ದ ಫ್ರಾನ್ಸ್‌ನಲ್ಲಿ ಅವನ ಕೊನೆಯ ಪಂದ್ಯ. ಫ್ರೆಂಚ್ ಲೀಗಿನ ಫೈನಲ್. ಕಾಸ್ತ್ರ್ ವಿರುದ್ಧ 18-10, ಅದರಲ್ಲಿ 15 ಅಂಕ ಅವನವು. ಟೂಲಾನ್‌ಗೆ ಲೀಗ್ ಪ್ರಶಸ್ತಿ 1992ರ ನಂತರ ಅದೇ ಮೊದಲು. ಒಬ್ಬ ಇಂಗ್ಲಿಷ್‌ನವನನ್ನು ಫ್ರೆಂಚರು ಎದ್ದು ನಿಂತು ಬೀಳ್ಕೊಟ್ಟರು. ರಗ್ಬಿಯಲ್ಲಿ ಈ ಎರಡು ದೇಶಗಳ ಹಳೆಯ ಹಗೆ ಗೊತ್ತಿದ್ದವರಿಗೆ ಅದು ಸಣ್ಣ ಮಾತಲ್ಲ.

*

ಇಲ್ಲಿಗೆ ನಿಲ್ಲಿಸಿದರೆ ಓದುವವರಿಗೆ ಹಿತವಾಗುತ್ತದೆ. ಆದರೆ ಅದೇ ತಂಡದಲ್ಲಿ ಕಾರ್ಲ್ ಹೇಮನ್ ಇದ್ದ. ನ್ಯೂಜಿಲೆಂಡಿನ ದೈತ್ಯ, ಎರಡೂ ತಂಡದವರು ತಲೆ ತಗ್ಗಿಸಿ ತಳ್ಳಾಡುವ ಸ್ಕ್ರಮ್‌ನ ಮುಂದಿನ ಸಾಲಿನ ಕಂಬ. ನ್ಯೂಕ್ಯಾಸಲ್‌ನಲ್ಲೂ ಟೂಲಾನ್‌ನಲ್ಲೂ ವಿಲ್ಕಿನ್ಸನ್‌ನ ಜೊತೆಗಾರ. 2021ರಲ್ಲಿ, 41ನೆಯ ವಯಸ್ಸಿನಲ್ಲಿ, ತನಗೆ ಡಿಮೆನ್ಷಿಯಾ ಇದೆ ಎಂದು ತಿಳಿಸಿದ. ವರ್ಷಗಟ್ಟಲೆ ತಲೆಗೆ ಬಿದ್ದ ಪೆಟ್ಟುಗಳ ಫಲ.

ಮಂಡಿಯ ಗಾಯ ಮನುಷ್ಯನನ್ನು ಕುಂಟಿಸುತ್ತದೆ, ಕೂರಿಸುತ್ತದೆ, ಒತ್ತಾಯದಿಂದ ವಿಶ್ರಾಂತಿ ಕೊಡಿಸುತ್ತದೆ. ತಲೆಯೊಳಗಿನ ಗಾಯ ಹಾಗಲ್ಲ. ಅದು ಅವನನ್ನು ಓಡಗೊಡುತ್ತದೆ. ಮರುವಾರ ಆಡಗೊಡುತ್ತದೆ. ಫಿಸಿಯೋ ಕೋಣೆಯಲ್ಲಿ ಅದಕ್ಕೆ ಡಿಗ್ರಿಗಳಿಲ್ಲ.

*

ಸಿಡ್ನಿಯ ಆ ಕೊನೆಯ ಒದೆತ ಶುರುವಾದದ್ದು ಅಂಚುಗೆರೆಯಲ್ಲಿ ಎರಡೂ ತಂಡದವರು ಸಾಲಾಗಿ ನಿಂತು, ಒಳಗೆಸೆದ ಚೆಂಡಿಗೆ ಜಿಗಿಯುವ ಲೈನ್ಔಟ್‌ನಿಂದ. ಚೆಂಡು ಒಳಗೆಸೆದವನು ಸ್ಟೀವ್ ಥಾಂಪ್ಸನ್. ಹತ್ತಿರದ ಆಟಗಾರರನ್ನು ಬಿಟ್ಟು ಸಾಲಿನ ಹಿಂದಿನ ತುದಿಗೆ, ಲೂಯಿಸ್ ಮೂಡಿಯ ಕೈಗೇ ಎಸೆದ. ಆ ಒತ್ತಡದಲ್ಲಿ ಅಷ್ಟು ದೂರ ನೇರವಾಗಿ ಎಸೆಯುವುದು ಒದೆಯುವುದಕ್ಕಿಂತ ಸುಲಭವೇನಲ್ಲ. ಅದು ಗುರಿ ತಪ್ಪಿದ್ದರೆ ವಿಲ್ಕಿನ್ಸನ್ ಒದೆಯುವ ಮಾತೇ ಇರಲಿಲ್ಲ.

ಥಾಂಪ್ಸನ್ ಕೂಡ ಗಾಯದ ಮೇಲೆ ಹೊರದೇಶ ಕಂಡವನು. 2007ರಲ್ಲಿ ಕುತ್ತಿಗೆಯ ಪೆಟ್ಟಿನಿಂದ ಆಟ ನಿಲ್ಲಿಸಬೇಕಾಯಿತು. ಫ್ರಾನ್ಸಿನ ಬ್ರೀವ್ ಕ್ಲಬ್ ಸೇರಿಕೊಂಡ. ವೈದ್ಯರು ಆಡಬಹುದು ಎಂದಾಗ ಅಲ್ಲೇ ಮತ್ತೆ ಮೈದಾನಕ್ಕಿಳಿದ. ಇಂಗ್ಲೆಂಡ್ ತಂಡಕ್ಕೂ ಮರಳಿದ, 2011ರ ವಿಶ್ವಕಪ್ ಆಡಿದ. ಆಗ ಬರೆದಿದ್ದರೆ ಅವನ ಬಗ್ಗೆಯೂ ಇಂಥದೇ ಪ್ರಬಂಧ ಬರುತ್ತಿತ್ತು, ಛಲ, ಮರುಹುಟ್ಟು ಎಂದೆಲ್ಲ.

2020ರ ಡಿಸೆಂಬರ್‌ನಲ್ಲಿ, ನಲವತ್ತೆರಡರ ಹರೆಯದಲ್ಲಿ, ತನಗೆ ಡಿಮೆನ್ಷಿಯಾ ಎಂದು ಅವನು ಹೇಳಿದ. 2003ರ ವಿಶ್ವಕಪ್ ಗೆದ್ದದ್ದು ತನಗೆ ನೆನಪಿಲ್ಲ ಎಂದೂ ಹೇಳಿದ. ಒಂದು ದೇಶವೇ ಕಣ್ಣಿಗೊತ್ತಿಕೊಂಡು ಕಾಪಾಡಿದ ಗಳಿಗೆ ಅದು. ಅದನ್ನು ಶುರುಮಾಡಿಕೊಟ್ಟ ಕೈಯವನ ಬಳಿ ಮಾತ್ರ ಅದಿಲ್ಲ. ಬೇರೆ ಆಟಗಾರರೂ ಅವನ ಜೊತೆ ನಿಂತು ಆಡಳಿತ ಸಂಸ್ಥೆಗಳ ಮೇಲೆ ಕಾನೂನು ಹೋರಾಟಕ್ಕಿಳಿದರು.

*

ಇನ್ನೊಂದು ಅವಕಾಶ ಕೊಡುವುದು ದೊಡ್ಡ ಗುಣ. ಆ ಅವಕಾಶಕ್ಕೆ ತೆರುವ ಬೆಲೆಯನ್ನು ಆಟಗಾರನಿಗೆ ಮುಂಚೆಯೇ ತಿಳಿಸುವುದು ಅದಕ್ಕಿಂತ ದೊಡ್ಡದು.

*

ಪರದೇಶದ ಗುತ್ತಿಗೆ ಮುಗಿದ ದಿನ ಆಟಗಾರ ಪೆಟ್ಟಿಗೆ ಕಟ್ಟುತ್ತಾನೆ. ಕ್ಲಬ್ಬಿನ ವೈದ್ಯ ಆ ದೇಶದಲ್ಲೇ ಉಳಿಯುತ್ತಾನೆ. ಹತ್ತು ವರ್ಷದ ಮೇಲೆ ಮರೆವು ಶುರುವಾದಾಗ ಯಾರ ಬಾಗಿಲು ತಟ್ಟಬೇಕು? ಮನೆಯ ದೇಶ, ನೀನು ಅಲ್ಲಿ ಆಡಿದ್ದೆಯಲ್ಲ, ಎನ್ನುತ್ತದೆ. ಹೊರದೇಶ, ನಿನ್ನ ಗಾಯ ಹಳೆಯದು, ಎನ್ನುತ್ತದೆ. ಮಂಡಿ ಎಲ್ಲಿ ಜಾರಿತು ಎಂದು ತಾರೀಖು ಹೇಳಬಹುದು. ಸಾವಿರ ಸಣ್ಣ ಡಿಕ್ಕಿಗಳಲ್ಲಿ ಯಾವುದು ಯಾವ ದೇಶದ್ದು ಎಂದು ಹೇಗೆ ಹೇಳುವುದು? ಎರಡೂ ಕಡೆಯವರು ಕೂಡಿ ಹೊರಬೇಕಾದ ಹೊಣೆ ಇದು. ಆಡಿಸುವಾಗ ಹಕ್ಕಿಗಾಗಿ ಜಗಳವಾಡಿದವರು ನೋಡಿಕೊಳ್ಳುವಾಗ ಹಿಂದೆ ಸರಿಯಬಾರದು.

*

ಹೊರಗೆ ಆಡುವವರನ್ನು ದೇಶಗಳು ಹೇಗೆ ಕಂಡವು ಎಂಬುದೂ ನೋಡತಕ್ಕದ್ದು. 2011ರ ವಿಶ್ವಕಪ್ ಮುಗಿದ ಮೇಲೆ ಇಂಗ್ಲೆಂಡ್, ವಿಶೇಷ ಸಂದರ್ಭವಲ್ಲದೆ ವಿದೇಶಿ ಕ್ಲಬ್‌ಗಳವರನ್ನು ಆರಿಸುವುದನ್ನು ನಿಲ್ಲಿಸಿತು. ಟೂಲಾನ್‌ನಲ್ಲಿದ್ದ ಸ್ಟೆಫನ್ ಆರ್ಮಿಟೇಜ್ 2014ರಲ್ಲಿ ಯುರೋಪಿನ ವರ್ಷದ ಆಟಗಾರನಾದ. ಇಂಗ್ಲೆಂಡ್ ಅವನನ್ನು ಕರೆಯಲಿಲ್ಲ. ದೇಶದೊಳಗಿನ ಕ್ಲಬ್‌ಗಳು ಬರಿದಾಗಬಾರದು ಎಂಬ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ಅತ್ಯುತ್ತಮನನ್ನು ಕೂರಿಸಿ ನಿಯಮವನ್ನು ಆಡಿಸಿದಂತಾಯಿತು.

ಆಸ್ಟ್ರೇಲಿಯಾ 2015ರಲ್ಲಿ ಬಾಗಿಲು ತುಸು ತೆರೆಯಿತು. 60 ಟೆಸ್ಟ್ ಆಡಿರುವ, ದೇಶದ ರಗ್ಬಿಗೆ 7 ವರ್ಷ ದುಡಿದಿರುವವರು ಹೊರಗಿದ್ದರೂ ಆಡಬಹುದು ಎಂದಿತು. ಮ್ಯಾಟ್ ಗಿಟೋ ಹೆಸರಿನಲ್ಲೇ ಆ ನಿಯಮವನ್ನು ಜನ ಕರೆಯುತ್ತಾರೆ. 2011ರ ವಿಶ್ವಕಪ್‌ಗೆ ಬೇಡವಾಗಿದ್ದ, ಟೂಲಾನ್‌ಗೆ ಹೋಗಿದ್ದ ಆಟಗಾರ ಅವನು. 2015ರ ವಿಶ್ವಕಪ್ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಪರ ಕಣಕ್ಕಿಳಿದ. ತಲೆಗೆ ಪೆಟ್ಟಾಗಿ ಮೊದಲಾರ್ಧದಲ್ಲೇ ಅವನನ್ನು ಹೊರಗೆ ಕರೆದರು. ಸೋಲುತ್ತಿದ್ದ ಫೈನಲ್‌ನಲ್ಲೂ ಹಾಗೆ ಕರೆದದ್ದು, ಹೇಮನ್, ಥಾಂಪ್ಸನ್ ಆಡಲು ಶುರುಮಾಡಿದ ಕಾಲಕ್ಕಿಂತ ಆಟ ಒಂದಿಷ್ಟು ವಿವೇಕ ಕಲಿತದ್ದರ ಗುರುತು.

*

ದಕ್ಷಿಣ ಆಫ್ರಿಕಾ ಹೊರಗಿದ್ದವರನ್ನೂ ಆರಿಸಿತು. ಕಾರ್ಡಿಫ್ ಫೈನಲ್ ಆದ ಮೂರು ತಿಂಗಳೊಳಗೆ, 2014ರ ಆಗಸ್ಟ್‌ನಲ್ಲಿ, ಯುವಾನ್ ಸ್ಮಿತ್ ಪ್ರಿಟೋರಿಯಾದಲ್ಲಿ ಅರ್ಜೆಂಟೀನಾ ವಿರುದ್ಧ ಮತ್ತೆ ಹಸಿರಂಗಿ ತೊಟ್ಟ. ಹಿಂದಿನ ಟೆಸ್ಟ್ ಆಡಿ ಸುಮಾರು ನಾಲ್ಕು ವರ್ಷವಾಗಿತ್ತು. ನಿವೃತ್ತಿಯ ಘೋಷಣೆಯಾಗಿ ಒಂದೂವರೆ ವರ್ಷ. ಅವನ ವಯಸ್ಸು 33.